ಒಲಿಂಪಿಕ್ ಕ್ಯಾರಿಯರ್‌ನ ಕಿಟಕಿಗಳಲ್ಲಿ ಯಾರಾದರೂ ಇದ್ದರಾ?

ನೀವು ಕೇಳಿದ್ದು ಇಷ್ಟು: "ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ಮೊದಲ ಎಪಿಸೋಡ್ '33' ನೋಡಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವರು ಹೊಡೆದ ಆ ಹಡಗಿನಲ್ಲಿ ನಿಜಕ್ಕೂ ಜನ ಇದ್ದರಾ? ಲೀ ಮಾಡಿದ್ದು ಸರಿನಾ? ಸೀರೀಸ್ ಪೂರ್ತಿ ಹೀಗೇ ಇದ್ದರೆ ಬಿಟ್ಟುಬಿಡಲಾ?"

ಬಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ ಎರಡು ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಾನು ಈ ಎಪಿಸೋಡನ್ನು ನಾಲ್ಕು ಸಲ ನೋಡಿದ್ದೇನೆ. ಯುದ್ಧ ಪೈಲಟ್ ಲೀಯ ವಿಮಾನ ಆ ಹಡಗಿನ ಪಕ್ಕದಲ್ಲಿ ಹಾದುಹೋಗುವಾಗ ನಾಲ್ಕು ಸಲವೂ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದೇನೆ. ಈ ಸಲವಾದರೂ ಕಿಟಕಿಯಲ್ಲಿ ಒಂದು ಮುಖ ಕಾಣಬಹುದು ಅಂತ. ಅಥವಾ ಯಾರೂ ಇಲ್ಲ ಅಂತ ಖಾತ್ರಿ ಆಗಬಹುದು ಅಂತ. ಎರಡೂ ಆಗುವುದಿಲ್ಲ.

ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಕತೆ ಚುಟುಕಾಗಿ. ಮನುಷ್ಯರೇ ಮಾಡಿದ ಸೈಲಾನ್ ಅನ್ನುವ ಯಂತ್ರಗಳು ಅವರ ಮೇಲೇ ತಿರುಗಿಬಿದ್ದು 12 ಗ್ರಹಗಳನ್ನು ಅಣುಬಾಂಬಿನಿಂದ ಸುಟ್ಟುಹಾಕಿವೆ. ಒಂದಷ್ಟು ಬಾಹ್ಯಾಕಾಶ ಹಡಗುಗಳಲ್ಲಿ ಸುಮಾರು 50,000 ಜನ ಉಳಿದಿದ್ದಾರೆ. ಕಾವಲಿಗೆ ಒಂದೇ ಒಂದು ಹಳೆಯ ಯುದ್ಧನೌಕೆ, ಗ್ಯಾಲಾಕ್ಟಿಕಾ. ಎಲ್ಲ ಹಡಗುಗಳೂ ಒಟ್ಟಿಗೆ ಜಂಪ್ ಮಾಡಿ, ಅಂದರೆ ಕ್ಷಣದಲ್ಲಿ ಮಾಯವಾಗಿ, ಬೇರೆಲ್ಲೋ ಹೋಗುತ್ತವೆ. ಸರಿಯಾಗಿ 33 ನಿಮಿಷಕ್ಕೆ ಸೈಲಾನ್‌ಗಳು ಅಲ್ಲಿಗೂ ಬರುತ್ತವೆ. ಮತ್ತೆ ಜಂಪ್. ಮತ್ತೆ 33 ನಿಮಿಷ. ಎಪಿಸೋಡ್ ಶುರುವಾಗುವಾಗ ಇದು ಐದು ದಿನದಿಂದ ನಡೆಯುತ್ತಿದೆ. 130 ಗಂಟೆ ದಾಟಿದೆ. ನೀವೇ ಗುಣಿಸಿ ನೋಡಿ, 230ಕ್ಕಿಂತ ಜಾಸ್ತಿ ಸಲ.

33 ಯಾಕೆ ಅಂತ ಎಪಿಸೋಡ್ ಹೇಳುವುದೇ ಇಲ್ಲ. ಹೇಳಬೇಕಾಗಿಯೂ ಇಲ್ಲ. 33 ನಿಮಿಷದಲ್ಲಿ ಏನು ಮಾಡಬಹುದು? ಊಟಕ್ಕೆ ಕೂತರೆ ಅರ್ಧಕ್ಕೆ ಏಳಬೇಕು. ಮಲಗಿದರೆ ಕಣ್ಣು ಹತ್ತುವಷ್ಟರಲ್ಲಿ ಎದ್ದು ಓಡಬೇಕು. ಗಡ್ಡ ಬೆಳೆದ ಮುಖಗಳು, ಕೆಂಪು ಕಣ್ಣುಗಳು, ಸುಮ್ನೆ ಸಿಡುಕುವ ಮಾತುಗಳು. ಪೈಲಟ್‌ಗಳಿಗೆ ಎಚ್ಚರ ಇರಲು ಮಾತ್ರೆ ಕೊಡುತ್ತಾರೆ. ಸ್ಟಾರ್‌ಬಕ್ ಅನ್ನುವ ಪೈಲಟ್ ಮಾತ್ರೆ ಬೇಡ ಅಂದಾಗ ಲೀ ಅವಳನ್ನು ಒಪ್ಪಿಸಲು ನೋಡುತ್ತಾನೆ. ಆಗ ಅವಳೇ ಅವನಿಗೆ ಬೈಯುತ್ತಾಳೆ, ನೀನು ನಮ್ಮ ನಾಯಕ, ಕೇಳಬಾರದು, ಆರ್ಡರ್ ಮಾಡಬೇಕು ಅಂತ. ಆ ಚಿಕ್ಕ ಜಗಳವನ್ನು ಮರೆಯಬೇಡಿ. ಕೊನೆಗೆ ಆ ಹಡಗಿನ ಎದುರು ಬಂದು ನಿಲ್ಲುವವರು ಇವರಿಬ್ಬರೇ.

ಒಂದು ಜಂಪ್‌ನಲ್ಲಿ ಒಲಿಂಪಿಕ್ ಕ್ಯಾರಿಯರ್ ಅನ್ನುವ ಪ್ಯಾಸೆಂಜರ್ ಹಡಗು ಹಿಂದೆ ಉಳಿದುಬಿಡುತ್ತದೆ. ಅದರಲ್ಲಿ 1,345 ಜನ. ಗಡಿಯಾರ 33 ನಿಮಿಷ ದಾಟುತ್ತದೆ, ಮೊದಲ ಸಲ ಸೈಲಾನ್‌ಗಳು ಬರುವುದಿಲ್ಲ. ನಾನು ಇಲ್ಲಿ ಉಸಿರು ಬಿಟ್ಟಿದ್ದೆ. ಮರುಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು. ಆ ಹಡಗು ಹೋಗಿದ್ದಕ್ಕೇ ನಮಗೆ ನೆಮ್ಮದಿ ಸಿಕ್ಕಿದ್ದು ಅಂತ ಹೊಳೆದಿತ್ತು. ಆಮೇಲೆ ಅದು ವಾಪಸ್ ಬರುತ್ತದೆ. ತಪ್ಪಿಸಿಕೊಂಡು ಬಂದೆವು ಅನ್ನುತ್ತದೆ. ನಿಲ್ಲಿ ಅಂದರೆ ನಿಲ್ಲುವುದಿಲ್ಲ. ಹಿಂದೆಯೇ ಸೈಲಾನ್‌ಗಳೂ ಬರುತ್ತವೆ. ಹಡಗಿನಲ್ಲಿ ಅಣುಬಾಂಬ್ ಇರುವ ಸುಳಿವೂ ಸಿಗುತ್ತದೆ. ಅಧ್ಯಕ್ಷೆ ರೋಸ್ಲಿನ್ ಹೊಡೆಯಿರಿ ಅನ್ನುತ್ತಾರೆ. ಈಕೆ ಕೆಲವೇ ದಿನದ ಹಿಂದೆ ಶಿಕ್ಷಣ ಮಂತ್ರಿ. ಮೇಲಿದ್ದ 42 ಜನ ಇಲ್ಲವಾದ್ದರಿಂದ ಅಧ್ಯಕ್ಷೆ ಆದವರು.

ಲೀ ಕಿಟಕಿಗಳ ಹತ್ತಿರ ಹೋಗಿ ನೋಡುತ್ತಾನೆ. ಯಾರೂ ಕಾಣುವುದಿಲ್ಲ. ಆದರೆ ಕಾಣಲಿಲ್ಲ ಅನ್ನುವುದಕ್ಕೂ ಇರಲಿಲ್ಲ ಅನ್ನುವುದಕ್ಕೂ ತುಂಬಾ ದೂರ, ಅಲ್ವಾ? ಅವನು ಗುಂಡು ಹಾರಿಸುತ್ತಾನೆ. ಸ್ಟಾರ್‌ಬಕ್ ಕೂಡ ಹಾರಿಸುತ್ತಾಳೆ. ಆಮೇಲೆ ಸೈಲಾನ್‌ಗಳು ಬರುವುದಿಲ್ಲ.

ಇಲ್ಲಿ ಸ್ವಲ್ಪ ನನ್ನ ವಿಷಯ ಹೇಳಬೇಕು. ಈ ಎಪಿಸೋಡ್ ನನಗೆ ಅರ್ಥ ಆಗಿದ್ದು ಮೂರನೇ ಸಲ ನೋಡಿದಾಗ, ಅಪ್ಪ ಹೋದ ಮೇಲೆ. ಅಪ್ಪ ಐಸಿಯುನಲ್ಲಿದ್ದ ನಾಲ್ಕು ರಾತ್ರಿ ನಾನು ಮತ್ತು ಅಕ್ಕ ಹೊರಗಿನ ಕುರ್ಚಿಗಳಲ್ಲಿ ಕೂತೇ ಇದ್ದೆವು. ಬಾಗಿಲು ತೆರೆದು "ಇವರ ಕಡೆಯವರು ಯಾರಿದ್ದೀರಿ?" ಅಂತ ಕೂಗಿದಾಗಲೆಲ್ಲ ಎದ್ದು ಓಡುವುದು. ಒಮ್ಮೆ ಔಷಧಿ ಚೀಟಿ, ಒಮ್ಮೆ ರಕ್ತ, ಒಮ್ಮೆ ಸಹಿ. ಐದನೇ ದಿನ ಬೆಳಗಿನ ಜಾವ ಡಾಕ್ಟರ್ ಬಂದು, ಇನ್ನೊಂದು ಆಪರೇಷನ್ ಮಾಡಬಹುದು, ಅವರು ತಡೆದುಕೊಳ್ಳುವುದು ಕಷ್ಟ, ಅರ್ಧ ಗಂಟೆಯಲ್ಲಿ ಹೇಳಿ ಅಂದರು. ಒಳ್ಳೆಯ ಮನುಷ್ಯ, ಅವರೇನೂ ತಪ್ಪು ಮಾಡಲಿಲ್ಲ. ನಾವು ಬೇಡ ಅಂದೆವು. ಮರುದಿನ ಅಪ್ಪ ಹೋದರು. ಬೇಕು ಅಂದಿದ್ದರೆ ಏನಾಗುತ್ತಿತ್ತು? ಅದನ್ನು ಹೇಳಬಲ್ಲವರು ಈ ಲೋಕದಲ್ಲಿ ಯಾರೂ ಇಲ್ಲ. ಅಕ್ಕನೂ ನಾನೂ ಆ ಅರ್ಧ ಗಂಟೆಯ ಬಗ್ಗೆ ಇವತ್ತಿಗೂ ಮಾತಾಡಿಲ್ಲ.

ಹಾಗಾಗಿ, ಹಡಗಿನಲ್ಲಿ ಜನ ಇದ್ದರಾ ಅಂದರೆ ನನ್ನ ಉತ್ತರ: ಕತೆ ಅದನ್ನು ತೋರಿಸಿಲ್ಲ. ತೋರಿಸಿದ್ದರೆ ಲೀ ಒಂದೋ ಕೊಲೆಗಾರ, ಇಲ್ಲ ಹೀರೋ. ಎರಡರಲ್ಲಿ ಯಾವುದಾದರೂ ನಿಮಗೆ ನಿದ್ದೆ ಬರುತ್ತಿತ್ತು. ರೊನಾಲ್ಡ್ ಡಿ. ಮೂರ್ ಬರೆದ ಈ ಎಪಿಸೋಡ್ ಆ ಸಮಾಧಾನವನ್ನು ಲೀಗೂ ಕೊಡಲಿಲ್ಲ, ನಮಗೂ ಕೊಡಲಿಲ್ಲ. 2005ರಲ್ಲಿ ಇದಕ್ಕೆ ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು.

ಇದು ಮೊದಲು ಪ್ರಸಾರವಾಗಿದ್ದು 2004ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನಲ್ಲಿ, 2005ರ ಜನವರಿಯಲ್ಲಿ ಅಮೆರಿಕದಲ್ಲಿ. ಅಲ್ಲಿಯವರಿಗೆ 2001ರ ಸೆಪ್ಟೆಂಬರ್ 11 ಇನ್ನೂ ಹಸಿ ಗಾಯ. ಆ ದಿನ ಅಪಹರಣವಾದ ಪ್ರಯಾಣಿಕರ ವಿಮಾನಗಳನ್ನು ಹೊಡೆದು ಬೀಳಿಸಲು ವಾಯುಪಡೆಗೆ ಅನುಮತಿ ಕೊಟ್ಟಿದ್ದರು. ಹೊಡೆಯುವ ಸಂದರ್ಭ ಬರಲಿಲ್ಲ, ಅಷ್ಟೇ. ಗ್ಯಾಲಾಕ್ಟಿಕಾದ ಸಿಬ್ಬಂದಿ ಡುವಾಲಾ ಕೈಯಲ್ಲಿ ಫೋಟೋ ಹಿಡಿದು ಹೋಗುವ ಆ ಕಾರಿಡಾರ್ ನೆನಪಿದೆಯಾ, ಗೋಡೆ ತುಂಬ ಸತ್ತವರ, ಕಾಣೆಯಾದವರ ಚಿತ್ರಗಳು? ನ್ಯೂಯಾರ್ಕಿನ ಗೋಡೆಗಳ ಮೇಲೆ ಜನ ಹಾಗೇ ತಮ್ಮವರ ಫೋಟೋ ಅಂಟಿಸಿದ್ದರು.

ಸೈಲಾನ್‌ಗಳಿಗೆ ನೆರವಾದ ವಿಜ್ಞಾನಿ ಬಾಲ್ಟರ್ ವಿಷಯ ಬೇರೆಯೇ ಒಂದು ಉತ್ತರ ಕೇಳುತ್ತದೆ. ಅವನ ದ್ರೋಹ ಬಯಲು ಮಾಡಬಲ್ಲ ಒಬ್ಬ ಡಾಕ್ಟರ್ ಅದೇ ಹಡಗಿನಲ್ಲಿದ್ದ ಅನ್ನುವುದನ್ನು ಮಾತ್ರ ತಲೆಯಲ್ಲಿ ಇಟ್ಟುಕೊಂಡು ಮುಂದೆ ನೋಡಿ.

ಲೀ ಮಾಡಿದ್ದು ಸರಿನಾ? ಆರ್ಡರ್ ಸರಿ ಅಂತ ನಾನು ನಂಬುತ್ತೇನೆ. ಬಾಂಬ್ ಇಟ್ಟುಕೊಂಡ ಹಡಗು ಉಳಿದ ಎಲ್ಲರ ನಡುವೆ ಬಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲಿನ ಮಾತು. ಅವನ ಅಪ್ಪ, ಕಮಾಂಡರ್ ಅಡಾಮ, ಆರ್ಡರ್ ಕೊಟ್ಟಿದ್ದು ನಾನು, ಹೊಣೆ ನನ್ನದು ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಲೀ ಒಪ್ಪುವುದಿಲ್ಲ. ಟ್ರಿಗರ್ ಒತ್ತಿದ್ದು ನಾನು, ಅದು ನನ್ನದು ಅನ್ನುತ್ತಾನೆ. ಆ ಭಾರವನ್ನು ಬೇರೆಯವರಿಗೆ ದಾಟಿಸದೆ ಇಟ್ಟುಕೊಂಡಿದ್ದಕ್ಕೆ ನನಗೆ ಅವನ ಮೇಲೆ ಗೌರವ.

ಸೀರೀಸ್ ಪೂರ್ತಿ ಕತ್ತಲೆಯೇ ಅಂತ ಹೆದರಿದ್ದೀರಿ. ಕೊನೆಯ ದೃಶ್ಯ ಇನ್ನೊಮ್ಮೆ ನೋಡಿ. ಅಧ್ಯಕ್ಷೆಯ ಹಿಂದೆ ಒಂದು ಬಿಳಿ ಬೋರ್ಡ್, ಅದರಲ್ಲಿ ಉಳಿದವರ ಲೆಕ್ಕ. ಶುರುವಿನ ಟೈಟಲ್‌ನಲ್ಲಿ 50,298 ಇದ್ದದ್ದು ಈಗ 47,972. ಅಷ್ಟರಲ್ಲಿ ಒಂದು ಹಡಗಿನಲ್ಲಿ ಗಂಡು ಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದುಹೋಗಿ ಕೊನೆಯ 2 ಅಳಿಸಿ 3 ಬರೆಯುತ್ತಾರೆ. 1,345 ಜನರ ಸಾವನ್ನು ಆ ಒಂದು ತುಂಬಿಕೊಡುವುದಿಲ್ಲ, ಆಕೆಗೂ ಅದು ಗೊತ್ತು. ಆದರೂ ಮುಖದ ಮೇಲೆ ಒಂದು ಸಣ್ಣ ನಗು ಬರುತ್ತದೆ. ನನಗೆ ಅಲ್ಲಿ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಮುಂದಿನ ಎಪಿಸೋಡ್ ಹೆಸರು 'ವಾಟರ್'. ಅದನ್ನು ಹಗಲು ಹೊತ್ತಲ್ಲಿ ನೋಡಿ. ಮೂರನೇ ಸೀಸನ್‌ನ ಕೊನೆಗೆ ಲೀ ಒಂದು ಕಡೆ ಎದ್ದು ನಿಂತು ಒಲಿಂಪಿಕ್ ಕ್ಯಾರಿಯರ್ ಹೆಸರನ್ನು ತಾನಾಗಿಯೇ ಎತ್ತುತ್ತಾನೆ. ಎಲ್ಲಿ, ಯಾಕೆ ಅಂತ ಹೇಳುವುದಿಲ್ಲ. ಅಲ್ಲಿಯವರೆಗೂ ನೋಡಿ, ಆಮೇಲೆ ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.