ಥಾಮ್ಸನ್ ಸಾವಿಗೆ ಒಂದೇ ಸಾಲು ಯಾಕೆ?

ಪ್ರಶ್ನೆ: ಕೆನಡಾದ ಕಲಾವಿದ ಟಾಮ್ ಥಾಮ್ಸನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಅವರ ಸಾವಿನ ರಹಸ್ಯಕ್ಕೆ ಒಂದೇ ಸಾಲೇ? ಕೊಲೆ ಅಂತಾರಲ್ಲ! ಮನುಷ್ಯರೇ ಕಾಲಿಡದ ಕಾಡನ್ನು ಚಿತ್ರಿಸಿದವರಿಗೆ ಇದು ಅನ್ಯಾಯ ಅಲ್ವಾ? ಮುಂದಿನ ತಿಂಗಳು ಟೊರಾಂಟೊದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಏನು ನೋಡಲಿ?

ಉತ್ತರ: ಸಾವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1917ರ ಜುಲೈ 8ರಂದು ಒಂಟಾರಿಯೊ ಪ್ರಾಂತ್ಯದ ಸಂರಕ್ಷಿತ ಕಾಡು ಆಲ್ಗಾಂಕ್ವಿನ್ ಪಾರ್ಕಿನ ಕನೂ ಲೇಕ್‌ನಲ್ಲಿ ದೋಣಿ ಹತ್ತಿ ಹೋದವರು ವಾಪಸ್ ಬರಲಿಲ್ಲ. ಎಂಟು ದಿನದ ಮೇಲೆ ಹೆಣ ಸಿಕ್ಕಿತು. ವಯಸ್ಸು 39. ಹಣೆಯ ಪಕ್ಕ ಗಾಯದ ಗುರುತಿತ್ತು. ಆಕಸ್ಮಿಕವಾಗಿ ಮುಳುಗಿ ಸತ್ತರು ಅಂತ ಸರ್ಕಾರಿ ದಾಖಲೆ ಹೇಳುತ್ತದೆ. ಕೊಲೆ, ಆತ್ಮಹತ್ಯೆ ಎಲ್ಲ ಆಮೇಲೆ ಬೆಳೆದ ಊಹೆ. ನೂರು ವರ್ಷ ಕಳೆದರೂ ಗಟ್ಟಿ ಸಾಕ್ಷಿ ಇಲ್ಲ. ಪತ್ತೇದಾರಿ ಕತೆ ಶುರುವಾದರೆ ಚಿತ್ರಗಳ ಮಾತು ಯಾರಿಗೂ ಬೇಡ. ಹಾಗಾಗಿ ಬೇಕಂತಲೇ ಒಂದು ಸಾಲಿಗೆ ನಿಲ್ಲಿಸಿದೆವು.

ಆದರೆ 'ಕಾಲಿಡದ ಕಾಡು' ಅಂದಿರಲ್ಲ, ಅದನ್ನು ಒಪ್ಪಲಾರೆ. ಅದು ಆಲ್ಗಾಂಕ್ವಿನ್ ಅನ್ನೋ ಮೂಲನಿವಾಸಿ ಜನ ತಲೆಮಾರುಗಳಿಂದ ಬದುಕಿದ ನೆಲ. 1893ರಲ್ಲಿ ಪಾರ್ಕ್ ಆಗುವ ಮೊದಲೇ ಮರದ ಕಂಪನಿಗಳು ದೊಡ್ಡ ಪೈನ್ ಮರಗಳನ್ನು ಕಡಿದು ಸಾಗಿಸಿದ್ದವು. ದಿಮ್ಮಿ ತೇಲಿಸಲು ಹೊಳೆಗಳಿಗೆ ಕಟ್ಟೆ ಕಟ್ಟಿದ್ದರು. ಥಾಮ್ಸನ್ ಇದನ್ನು ಮುಚ್ಚಿಡಲಿಲ್ಲ. 1912ರ 'ಡ್ರೌನ್ಡ್ ಲ್ಯಾಂಡ್' ನೋಡಿ, ನೀರು ನುಂಗಿದ ನೆಲವೇ ಅದರ ವಿಷಯ. 'ದಿ ಡ್ರೈವ್' ಚಿತ್ರದಲ್ಲಂತೂ ಕಟ್ಟೆಯಿಂದ ದಿಮ್ಮಿ ನೂಕುವ ಕೂಲಿಗಳೇ ಇದ್ದಾರೆ. ಸ್ವತಃ ಥಾಮ್ಸನ್ 1916ರಲ್ಲಿ ಅಲ್ಲಿ ಕಾಡ್ಗಿಚ್ಚು ಕಾಯುವ ಕೆಲಸ ಮಾಡಿದವರು. ಜನರಿಲ್ಲದ ಉತ್ತರದ ಕಾಡು ಅನ್ನೋ ಕಲ್ಪನೆ ಗಟ್ಟಿಯಾದದ್ದು ಅವರು ಹೋದಮೇಲೆ. ಅವರ ಗೆಳೆಯರು 1920ರಲ್ಲಿ 'ಗ್ರೂಪ್ ಆಫ್ ಸೆವೆನ್' ಅನ್ನೋ ಚಿತ್ರಕಾರರ ಬಳಗ ಕಟ್ಟಿಕೊಂಡರು. ಅದರ ಖ್ಯಾತಿಯ ಜೊತೆ ಈ ಕಲ್ಪನೆಯೂ ಹಬ್ಬಿತು.

ಇನ್ನು ಟೊರಾಂಟೊ. ಥಾಮ್ಸನ್ ಮೂಲತಃ ಜಾಹೀರಾತು ಡಿಸೈನ್ ಮಾಡುತ್ತಿದ್ದವರು. ಪಾರ್ಕಿಗೆ ಮೊದಲು ಹೋದದ್ದೇ 1912ರಲ್ಲಿ. ಹೆಸರು ತಂದ ಕೆಲಸವೆಲ್ಲ ಅಲ್ಲಿಂದ ಐದು ವರ್ಷದ್ದು. ಕಾಡಿನಲ್ಲಿ ಕೂತು ಸುಮಾರು 21 x 26 ಸೆಂ.ಮೀ. ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದರು. ಚಳಿಗಾಲದಲ್ಲಿ ಟೊರಾಂಟೊಗೆ ಬಂದು, ತಿಂಗಳಿಗೆ 1 ಡಾಲರ್ ಬಾಡಿಗೆಯ ಶೆಡ್ಡಿನಲ್ಲಿ ದೊಡ್ಡ ಕ್ಯಾನ್ವಾಸ್. ಅಂಥ ದೊಡ್ಡ ಚಿತ್ರ 'ದಿ ವೆಸ್ಟ್ ವಿಂಡ್' ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿದೆ. ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ನೀವು ಸಣ್ಣ ಹಲಗೆಗಳಿಗೆ ಜಾಸ್ತಿ ಹೊತ್ತು ಕೊಡಿ. ಅವಸರದ ಕುಂಚ, ದಪ್ಪ ಬಣ್ಣ, ಅಲ್ಲಲ್ಲಿ ಹಾಗೇ ಬಿಟ್ಟ ಮರ. ನನಗೆ ದೊಡ್ಡವಕ್ಕಿಂತ ಇವೇ ಇಷ್ಟ. ಆ ಶೆಡ್ಡು ಈಗ ಕ್ಲೈನ್‌ಬರ್ಗ್‌ನ ಮೆಕ್‌ಮೈಕೆಲ್ ಸಂಗ್ರಹಾಲಯದ ಆವರಣದಲ್ಲಿದೆ. ಟೊರಾಂಟೊ ಪಕ್ಕದಲ್ಲೇ, ಮಗಳನ್ನೂ ಕರೆದುಕೊಂಡು ಹೋಗಿ.