ಓದುಗರ ಪ್ರಶ್ನೆ: ಸೈನಿಕರಿಗೊಂದು ಕೌದಿ, ಧ್ವಜಕ್ಕೆ ಕುಂದು ಬಾರದಂತೆ

ಪ್ರಶ್ನೆ: ನಮ್ಮ ಊರಿನಲ್ಲಿ ಐವರು ಮಾಜಿ ಸೈನಿಕರಿದ್ದಾರೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಅವರಿಗೆ ಒಂದೊಂದು ಕೌದಿ ಹೊಲಿದು ಕೊಡಬೇಕೆಂದು ನಮ್ಮ ಸ್ವಸಹಾಯ ಸಂಘದವರು ನಿಶ್ಚಯಿಸಿದ್ದೇವೆ. ನಟ್ಟನಡುವೆ ಕೇಸರಿ, ಬಿಳಿ, ಹಸಿರು ಪಟ್ಟಿ ಕೂಡಿಸಿ ಅಶೋಕ ಚಕ್ರವನ್ನು ದಾರದಲ್ಲಿ ತೆಗೆಯೋಣವೆಂದು ಕೆಲವರ ಆಸೆ. ಅಮೆರಿಕದಲ್ಲಿಯೂ ಹೀಗೆ ಬಾವುಟದ ಬಣ್ಣದ ಹೊದಿಕೆಗಳನ್ನು ಕೊಡುತ್ತಾರೆಂದು ಅಲ್ಲಿರುವ ಮಗಳು ಹೇಳುತ್ತಾಳೆ. ಇದು ಸರಿಯಾದೀತೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಕೌದಿಯನ್ನು ಖಂಡಿತ ಹೊಲಿಯಿರಿ, ಆದರೆ ಅದರ ಮೇಲೆ ಧ್ವಜ ಬೇಡ. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯ ಪ್ರಕಾರ ಧ್ವಜವನ್ನು ದಿಂಬು, ಕರವಸ್ತ್ರ, ಉಡುಪಿನ ಬಟ್ಟೆ ಮುಂತಾದವುಗಳ ಮೇಲೆ ಕಸೂತಿ ಹಾಕುವುದಾಗಲಿ ಮುದ್ರಿಸುವುದಾಗಲಿ ಧ್ವಜಕ್ಕೆ ಮಾಡುವ ಅಗೌರವವಾಗುತ್ತದೆ. ಸರ್ಕಾರಿ ಗೌರವದ ಹಾಗೂ ಸೇನೆ, ಅರೆಸೇನಾ ಪಡೆಗಳ ಅಂತ್ಯಕ್ರಿಯೆಗಳ ಹೊರತು ಅದನ್ನು ಯಾವುದಕ್ಕೂ ಹೊದಿಸುವಂತಿಲ್ಲ. ತಪ್ಪಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಧ್ವಜವೆಂದರೆ ಕಂಬದ ಮೇಲೆ ಹಾರುವ ಬಟ್ಟೆಯೊಂದೇ ಅಲ್ಲ, ಅದರ ಚಿತ್ರವೂ ಧ್ವಜವೇ, ಚಿತ್ರದ ಭಾಗವೂ ಧ್ವಜವೇ ಎಂದು ಆ ಕಾಯ್ದೆ ವಿವರಿಸುತ್ತದೆ. ಆದ್ದರಿಂದ ಚಕ್ರವನ್ನು ಬಿಟ್ಟು ಮೂರು ಪಟ್ಟಿಗಳನ್ನಷ್ಟೇ ಅದೇ ಕ್ರಮದಲ್ಲಿ ಕೂಡಿಸುತ್ತೇವೆ ಎಂಬ ಉಪಾಯವನ್ನೂ ನಾನು ಒಪ್ಪಲಾರೆ.

ಕಾಯ್ದೆಯ ಮಾತು ಹಾಗಿರಲಿ, ಕೌದಿಯ ಬಾಳುವೆಯನ್ನೇ ನೆನೆಯಿರಿ. ರಾತ್ರಿ ಅದು ಕಾಲಿನ ಮೇಲೆ ಬರುತ್ತದೆ, ಮಗ್ಗಲು ಬದಲಿಸಿದಾಗ ಮೈಯ ಅಡಿಗೆ ಸೇರುತ್ತದೆ, ಮೊಮ್ಮಕ್ಕಳು ಅದರ ಮೇಲೆ ಆಡುತ್ತಾರೆ. ದಸರೆಗೆ ಮುನ್ನ ಮನೆಯ ಹಾಸಿಗೆಯನ್ನೆಲ್ಲ ಕೆರೆಗೆ ಹೊತ್ತೊಯ್ದು, ಕೌದಿಗಳನ್ನು ಕಾಲಿನಿಂದ ತುಳಿದು, ಇಬ್ಬರು ಎರಡು ತುದಿ ಹಿಡಿದು ಹಿಂಡಿ, ಕಲ್ಲಿಗೆ ಬಡಿದು ಒಗೆಯುವವರು ನಾವು. ನೀವು ಆಸೆಯಿಂದ ಇಪ್ಪತ್ನಾಲ್ಕು ಅರಗಳನ್ನು ಎಣಿಸಿ ತೆಗೆದ ಚಕ್ರ ಆ ಒಗೆಯುವ ಕಲ್ಲಿಗೆ ಬಿದ್ದರೆ, ಗಡಿ ಕಾಯ್ದು ಬಂದ ಮನುಷ್ಯನೇ ಅದನ್ನು ನೋಡಲಾರದೆ ಕೌದಿಯನ್ನು ಮಡಿಚಿ ಪೆಟ್ಟಿಗೆಗೆ ಹಾಕಿಬಿಡುತ್ತಾನೆ. ಹೊದೆಯಲು ಬಾರದ ಕೌದಿಯನ್ನು ಕೊಟ್ಟೇನು ಫಲ?

ನಿಮ್ಮ ಮಗಳ ಮಾತೂ ಸುಳ್ಳಲ್ಲ. ಅಮೆರಿಕದಲ್ಲಿ 2003ರಿಂದ ಯೋಧರಿಗೂ ಮಾಜಿ ಸೈನಿಕರಿಗೂ ಇಂಥ ಹೊದಿಕೆಗಳನ್ನು ಹೊಲಿದು ಕೊಡುವ ಕೆಲಸ ದೊಡ್ಡದಾಗಿ ಬೆಳೆದಿದೆ. ಆದರೆ ಧ್ವಜವನ್ನು ಉಡುಪಾಗಿಯೋ ಹಾಸಿಗೆ ಹೊದಿಕೆಯಾಗಿಯೋ ಬಳಸಬಾರದೆಂದು ಆ ದೇಶದ ಧ್ವಜ ಸಂಹಿತೆಯೂ ಹೇಳುತ್ತದೆ. ಬಣ್ಣಗಳು ಬೇರೆ, ಧ್ವಜ ಬೇರೆ ಎಂಬ ಈ ತಿಳಿವಳಿಕೆ ನಮಗೂ ಸಾಕು. ಕೇಸರಿ, ಬಿಳಿ, ಹಸಿರು ತುಂಡುಗಳನ್ನು ಚಿಕ್ಕ ಚಿಕ್ಕ ತ್ಯಾಪೆಗಳಾಗಿ ಕೌದಿಯ ತುಂಬ ಚೆದುರಿಸಿ, ನಡುನಡುವೆ ಇಳಕಲ್ ಸೀರೆಯ ಕೆಂಪು ದಡಿ, ಗುಳೇದಗುಡ್ಡ ಖಣದ ಚೂರು, ನೀಲಿ, ಕಂದು ಎಲ್ಲವನ್ನೂ ಬೆರೆಸಿರಿ. ಮೂರು ಬಣ್ಣಗಳು ಒಂದರ ಕೆಳಗೊಂದು ಬಾರದಂತೆ ಮಾತ್ರ ಎಚ್ಚರ ವಹಿಸಿರಿ. ಸಿಂಹಗಳ ರಾಷ್ಟ್ರ ಲಾಂಛನಕ್ಕೆ 2005ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನೂ ಬಿಡಿರಿ.

ಹಾಗಾದರೆ ಸೈನಿಕನ ಕೌದಿ ಎಂಬುದು ಯಾವುದರಿಂದ ತಿಳಿಯಬೇಕು? ಒಂದೊಂದು ಮನೆಗೂ ಹೋಗಿ ಕುಳಿತು, ಯಾವ ವರ್ಷ ಸೇರಿದಿರಿ, ಎಲ್ಲೆಲ್ಲಿ ಇದ್ದಿರಿ, ಯಾವ ವರ್ಷ ಊರಿಗೆ ಮರಳಿದಿರಿ ಎಂದು ಕೇಳಿ ಬರೆದುಕೊಳ್ಳಿರಿ. ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಅವರ ಹೆಸರು, ಸೇವೆಯ ವರ್ಷಗಳು, ಇದ್ದ ಊರುಗಳನ್ನು ಧಾರವಾಡ ಕಸೂತಿಯ ಗವಂತಿ ಹೊಲಿಗೆಯಲ್ಲಿ ಬರೆದು, ಆಮೇಲೆ ಆ ತುಂಡನ್ನು ಕೌದಿಯ ತಲೆದಿಕ್ಕಿನ ಮೂಲೆಗೆ ಕೂಡಿಸಿರಿ. ಕೌದಿಯ ದಪ್ಪದ ಮೇಲೆ ನೇರವಾಗಿ ಕಸೂತಿ ಎಳೆಯಲು ಹೋದರೆ ಸೂಜಿಯೂ ಮುರಿಯುತ್ತದೆ, ಅಕ್ಷರವೂ ಸೊಟ್ಟಗಾಗುತ್ತದೆ. ಸುತ್ತಲೂ ನವಿಲು, ಗೋಪುರ, ಅಂಬಾರಿ ಆನೆ ಬರಲಿ. ಮನೆಯವರು ಒಪ್ಪಿದರೆ ಅವರ ಹಳೆಯ ಅಂಗಿಯ ತುಂಡನ್ನೂ, ಅದಕ್ಕಿಂತ ಮುಖ್ಯವಾಗಿ ಅವರ ಮನೆಯಾಕೆಯ ಹಳೆಯ ಸೀರೆಯನ್ನೂ ಕೇಳಿ ತನ್ನಿರಿ. ಅವರು ಗಡಿಯಲ್ಲಿದ್ದಷ್ಟು ವರ್ಷವೂ ಇಲ್ಲಿ ಹೊಲ, ಮಕ್ಕಳು, ಮುದುಕರು ಎಲ್ಲವನ್ನೂ ನಡೆಸಿದ ಆ ತಾಯಿಯ ಸೀರೆ ಆ ಕೌದಿಯಲ್ಲಿ ಇರಲೇಬೇಕೆಂದು ನನ್ನ ಅನಿಸಿಕೆ.

ಹೊಸ ಬಟ್ಟೆ ಬಳಸುವುದಾದರೆ ಮೊದಲು ನೆನೆಹಾಕಿ ಬಣ್ಣ ಬಿಡುತ್ತದೆಯೇ ನೋಡಿರಿ. ವಯಸ್ಸಾದವರು ಎತ್ತಿ ಹೊದೆಯಬೇಕಾದ್ದರಿಂದ ಪದರಗಳು ಮೂರು ಸಾಕು. ಸಮಾರಂಭದಲ್ಲಿ ಕೌದಿಯ ಗಂಟನ್ನು ಧ್ವಜದಲ್ಲಿ ಸುತ್ತಿ ತರುವುದು, ಮೇಜಿಗೆ ಧ್ವಜ ಹಾಸುವುದು ಎರಡೂ ನಿಷಿದ್ಧ. ಕೌದಿಯನ್ನು ಶಾಲಿನಂತೆ ಅವರ ಹೆಗಲ ಮೇಲೆ ಹೊದಿಸಿದರೆ ಆಯಿತು.

ಪ್ರಶ್ನೆ: ಆಟಗಾರರ ಅಂಗಿಯ ಮೇಲೆ ಧ್ವಜವಿರುತ್ತದೆಯಲ್ಲ, ಹೊದಿಕೆಗೇಕೆ ಅಡ್ಡಿ?
(ಗದಗದ ಓದುಗರು)

ಉತ್ತರ: ಮೇಲೆ ಹೇಳಿದ 1971ರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಸೊಂಟದ ಮೇಲಿನ ಉಡುಪಿನಲ್ಲಿ ಧ್ವಜವನ್ನು ಗೌರವದಿಂದ ಧರಿಸಲು ಅವಕಾಶವಾಯಿತು, ಸೊಂಟದ ಕೆಳಗೆ ಇಂದಿಗೂ ಇಲ್ಲ. ಕೌದಿಗೆ ಸೊಂಟದ ಮೇಲು ಕೆಳಗು ಎಂಬ ಭೇದವೇ ಇಲ್ಲ.

ಪ್ರಶ್ನೆ: ಸೇನೆಯಲ್ಲಿದ್ದ ನಮ್ಮ ತಂದೆಯವರ ಪಾರ್ಥಿವ ಶರೀರಕ್ಕೆ ಹೊದಿಸಿದ್ದ ಧ್ವಜ ನಮ್ಮಲ್ಲಿದೆ. ಅಂಚು ತುಸು ಸವೆದಿದೆ. ತಾಯಿಗಾಗಿ ಹೊಲಿಸುವ ಕೌದಿಯ ಒಳಪದರದಲ್ಲಿ, ಯಾರಿಗೂ ಕಾಣದಂತೆ ಅದನ್ನು ಇಡಬಹುದೇ?
(ಧಾರವಾಡದ ಓದುಗರು)

ಉತ್ತರ: ನಿಮ್ಮ ಮನಸ್ಸು ಅರ್ಥವಾಗುತ್ತದೆ, ಆದರೆ ಹಾಗೆ ಮಾಡಬೇಡಿರಿ. ಆ ಧ್ವಜವನ್ನು ಚಿತೆಗೂ ಸಮಾಧಿಗೂ ಒಪ್ಪಿಸಬಾರದೆಂಬ ನಿಯಮವಿರುವುದರಿಂದಲೇ ಅದು ನಿಮ್ಮ ಕೈಗೆ ಬಂದಿದೆ, ಅದಕ್ಕೆ ಕತ್ತರಿ ಸೂಜಿ ತಾಗಬಾರದು. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಪಟ್ಟಿಯ ಅಡಿಗೆ ಮಡಿಚಿ, ಆಮೇಲೆ ಬಿಳಿಯ ಪಟ್ಟಿಯನ್ನು ಎರಡೂ ಬದಿಯಿಂದ ಒಳಗೆ ಮಡಿಚಿದರೆ ನಡುವೆ ಚಕ್ರವೂ ಅದರೊಂದಿಗೆ ಕೇಸರಿ, ಹಸಿರಿನ ಅಂಚೂ ಕಾಣುತ್ತವೆ. ಹಾಗೆ ಮಡಿಚಿದ್ದನ್ನು ಅಂಗೈಗಳ ಮೇಲೆ ಒಯ್ದು ಒಣಗಿದ ಪೆಟ್ಟಿಗೆಯಲ್ಲಿ ಇಡಿರಿ. ನಮ್ಮ ಗರಗದ ಖಾದಿ ನೇಕಾರರು ಧ್ವಜದ ಬಟ್ಟೆ ನೇಯುವುದನ್ನೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದು ಧ್ವಜವಾಗುವುದನ್ನೂ ಬಲ್ಲ ಈ ಭಾಗದ ಜನರಿಗೆ, ಆ ಬಟ್ಟೆಯನ್ನು ಮಿಕ್ಕ ಬಟ್ಟೆಗಳ ಸಾಲಿನಲ್ಲಿ ಇಡಲು ಮನಸ್ಸು ಬಾರದು. ಮುಂದೆಂದಾದರೂ ಅದು ಪೂರ್ತಿ ಜೀರ್ಣವಾದರೆ ತುಂಡು ಮಾಡದೆ ಇಡಿಯಾಗಿ, ಏಕಾಂತದಲ್ಲಿ, ಗೌರವದಿಂದ ಸುಡುವುದು ಧ್ವಜ ಸಂಹಿತೆ ಹೇಳುವ ಮಾರ್ಗ. ಸ್ವಾತಂತ್ರ್ಯೋತ್ಸವದ ನಂತರ ಮನೆಯಲ್ಲಿ ಉಳಿಯುವ ಹರಿದ ಬಾವುಟಗಳಿಗೂ ಇದೇ ಮಾತು.

ತಾಯಿಯವರ ಕೌದಿಯ ಒಳಪದರಕ್ಕೆ ತಂದೆಯವರು ಮನೆಯಲ್ಲಿ ಉಡುತ್ತಿದ್ದ ಧೋತರವನ್ನು ಹಾಕಿಸಿರಿ. ಸವೆದ ಹತ್ತಿ ಬಟ್ಟೆಯಷ್ಟು ಮೆತ್ತನೆಯ ಪದರ ಬೇರೊಂದಿಲ್ಲ.