ಕಡೇ ಪ್ಯಾರಾ ಮುಚ್ಚಿಕೊಂಡು ಓದಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರೈಸ್ತ ಯುವಜನರಿಗಾಗಿ ಕಥೆ, ಲೇಖನ ಬರೆಯುವವರಿಂದ ಈ ಸಲ ಜಾಸ್ತಿ ಪತ್ರ ಬಂದಿವೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅವರಿಗೇ. ಹೆಸರು ಬೇಡ ಅಂದವರೇ ಹೆಚ್ಚು, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 19 ವರ್ಷ. ಬಿ.ಎ. ಓದುತ್ತಿದ್ದೇನೆ. ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. ಒಬ್ಬ ಹುಡುಗ ಕೆಟ್ಟವರ ಸಹವಾಸದಿಂದ ಕುಡಿತ ಕಲಿಯುತ್ತಾನೆ. ಬೈಕ್ ಅಪಘಾತ ಆಗುತ್ತದೆ. ಆಸ್ಪತ್ರೆಯಲ್ಲಿ ಪ್ರಾರ್ಥನೆ ಮಾಡಿ ಹೊಸ ಮನುಷ್ಯ ಆಗುತ್ತಾನೆ. 'ಸಂದೇಶ ಚೆನ್ನಾಗಿದೆ, ಆದರೆ ಮನಸ್ಸಿಗೆ ತಟ್ಟಲಿಲ್ಲ' ಅಂತ ವಾಪಸ್ ಬಂತು. ಅದರ ಪ್ರತಿ ನಿಮಗೂ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ? ನಮ್ಮಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಬರೆಯುವುದನ್ನು ಹೇಳಿಕೊಡುವವರು ಇಲ್ಲಿ ಯಾರೂ ಇಲ್ಲ.
— ಒಬ್ಬ ವಿದ್ಯಾರ್ಥಿನಿ, ಬ್ಯಾಡಗಿ

ಉತ್ತರ: ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಪತ್ರವನ್ನು ನಾಲ್ಕು ಸಲ ಓದಿದೆ. ಯಾಕೆ ಗೊತ್ತಾ? ಪತ್ರದಲ್ಲಿ ಒಬ್ಬ ಅಮ್ಮ ಇದ್ದಾರೆ. ಕಥೆಯಲ್ಲಿ ಯಾರೂ ಇಲ್ಲ.

ನಿಮ್ಮ ಹುಡುಗನಿಗೆ ಊರಿಲ್ಲ, ಮನೆಯಿಲ್ಲ. ಕುಡಿಯಲು ದುಡ್ಡು ಎಲ್ಲಿಂದ ಬಂತು ಅಂತ ನೀವು ಹೇಳಿಲ್ಲ. ಎದ್ದೇಳಲಿ ಅಂತಲೇ ಅವನನ್ನು ಬೀಳಿಸಿದ್ದೀರಿ. ಅದು ಓದುವವರಿಗೆ ಮೊದಲ ಪ್ಯಾರಾದಲ್ಲೇ ತಿಳಿದುಬಿಡುತ್ತದೆ. ನಮ್ಮ ಮಕ್ಕಳು ಸಂಡೇ ಸ್ಕೂಲಿನಿಂದ ಹಿಡಿದು ಇಂಥ ಕಥೆಗಳನ್ನು ಕೇಳಿಕೊಂಡೇ ಬೆಳೆದಿರುತ್ತಾರೆ. ಅವರಿಗಂತೂ ಇನ್ನೂ ಬೇಗ ತಿಳಿಯುತ್ತದೆ.

ಈಗ ಹೀಗೆ ನೋಡಿ. ಹುಡುಗ ಬ್ಯಾಡಗಿಯವನೇ. ಅಮ್ಮ ದಿನವಿಡೀ ಕೂತು ತೊಟ್ಟು ಬಿಡಿಸುತ್ತಾಳೆ. ಸಂಜೆ ಬೆರಳೆಲ್ಲ ಉರಿ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಅದೇ ಕೈ ಜೋಡಿಸಿ ರಾತ್ರಿ ಪ್ರಾರ್ಥನೆಗೆ ಕೂರುತ್ತಾಳೆ. ಹುಡುಗ ಆ ಕೂಲಿ ದುಡ್ಡಿನ ಡಬ್ಬಿಯಿಂದ ಇನ್ನೂರು ರೂಪಾಯಿ ತೆಗೆದಿದ್ದಾನೆ. ನೋಟಿಗೆ ಮೆಣಸಿನ ಘಾಟು ಹತ್ತಿದೆ. ಗೆಳೆಯರ ಜೊತೆ ಕೂತಿದ್ದಾಗ ಮರೆತು ಕಣ್ಣು ಉಜ್ಜಿಕೊಳ್ಳುತ್ತಾನೆ. ಅಷ್ಟೇ. ಬೈಕೂ ಬೇಡ, ಆಸ್ಪತ್ರೆಯೂ ಬೇಡ. ಆ ಉರಿ ಕಣ್ಣಲ್ಲಿ ಅವನು ಮನೆಗೆ ನಡೆದು ಹೋಗಲಿ. ಬಾಗಿಲು ತೆರೆದಿದೆಯಾ, ಅಮ್ಮ ಎಚ್ಚರ ಇದ್ದಾಳಾ, ಅವನು ಏನು ಹೇಳುತ್ತಾನೆ, ಇದನ್ನೆಲ್ಲ ನೀವು ಬರೆಯಿರಿ. ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ಇನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು. ಲೂಕ 15ನೇ ಅಧ್ಯಾಯ ತೆಗೆಯಿರಿ. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ ಕಿರಿಯ ಮಗ ತಿರುಗಿ ಬಂದ, ಅಪ್ಪ ಓಡಿಹೋಗಿ ತಬ್ಬಿಕೊಂಡ, ಔತಣ ಆಯಿತು. ನಮ್ಮ ನೆನಪಿನಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ಯೇಸು ಅಲ್ಲಿ ಮುಗಿಸಲಿಲ್ಲ. ಹಿರಿಯ ಮಗ ಹೊಲದಿಂದ ಬಂದ. ಒಳಗೆ ವಾದ್ಯ, ಕುಣಿತ ಕೇಳಿಸಿತು. ಸಿಟ್ಟಾಗಿ ಹೊರಗೇ ನಿಂತ. ಅಪ್ಪ ಹೊರಗೆ ಬಂದು ಬೇಡಿಕೊಂಡ. ಆಮೇಲೆ ಅವನು ಒಳಗೆ ಹೋದನಾ? ಲೂಕ ಹೇಳುವುದೇ ಇಲ್ಲ. ಯೇಸು ಪಾಪಿಗಳ ಜೊತೆ ಊಟ ಮಾಡ್ತಾನೆ ಅಂತ ಗೊಣಗುತ್ತಿದ್ದವರು ಎದುರಿಗೇ ಇದ್ದರು. ಹಿರಿಯ ಮಗ ಅಂದರೆ ಅವರೇ. ಒಳಗೆ ಹೋಗುವುದೂ ಬಿಡುವುದೂ ಅವರಿಗೆ ಬಿಟ್ಟ ವಿಷಯ.

ನಾತಾನ ಪ್ರವಾದಿಯೂ ಹಾಗೇ ಮಾಡಿದ. ಬೇರೆಯವನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ ಅರಸ ದಾವೀದನ ಮುಂದೆ ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಅದು ಅವನ ತಟ್ಟೆಯಲ್ಲೇ ತಿಂದು, ಅವನ ಮಗ್ಗುಲಲ್ಲೇ ಮಲಗುತ್ತಿತ್ತಂತೆ. ಅದನ್ನು ಶ್ರೀಮಂತ ಕಿತ್ತುಕೊಂಡ ಅಂದ ಕೂಡಲೇ ದಾವೀದ ಕೆರಳಿದ. ಆಮೇಲೆ ತಾನೇ 'ಆ ಮನುಷ್ಯ ನೀನೇ' ಅಂದದ್ದು? ಮೊದಲೇ ಹಾಗಂದಿದ್ದರೆ ಅರಸ ಕೂತು ಕೇಳುತ್ತಿದ್ದನೇ?

ನಾನು ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲ್ ನಡೆಸಿದೆ. ಒಂದು ದಿನ ಪತ್ರಿಕೆಯ ಕಥೆ ಓದಿ ಹೇಳುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗ ಎದ್ದು, 'ಟೀಚರ್, ಕಡೇ ಪ್ಯಾರಾ ಬಿಡಿ, ಅದು ನಮಗೆ ಬೈಯೋಕೆ ಇರೋದು' ಅಂದ. ಮನೆಗೆ ಬಂದು ನಾನು ಬರೆದಿದ್ದ ಕಥೆಗಳನ್ನೆಲ್ಲ ತೆಗೆದು ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ಅವತ್ತಿನಿಂದ ಕಡೇ ಪ್ಯಾರಾವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓದುವುದನ್ನು ರೂಢಿ ಮಾಡಿಕೊಂಡೆ. ಅದಿಲ್ಲದೆಯೂ ಕಥೆ ನಿಂತರೆ ಅಳಿಸಿಬಿಡುತ್ತೇನೆ. ನಿಲ್ಲದಿದ್ದರೆ ತಪ್ಪು ಮೇಲೆಲ್ಲೋ ಇದೆ ಅಂತ ಹುಡುಕುತ್ತೇನೆ. ನೀವೂ ಹಾಗೆ ಮಾಡಿ ನೋಡಿ. ಎರಡನೇ ಸಲ ಬರೆದದ್ದನ್ನು ನನಗೆ ಕಳಿಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನನ್ನಿಂದ ಪ್ರಾರ್ಥನೆ ಮಾಡಲು ಆಗಲಿಲ್ಲ. ಅದನ್ನೇ ಲೇಖನವಾಗಿ ಬರೆದೆ. ಯುವಕೂಟದ ಹಿರಿಯರೊಬ್ಬರು, 'ಇದು ಬೇರೆಯವರ ನಂಬಿಕೆ ಕೆಡಿಸುತ್ತದೆ, ಕೊನೆಯಲ್ಲಿ ಜಯ ತೋರಿಸು' ಅಂದರು. ನನಗೆ ಇನ್ನೂ ಆ ಜಯ ಸಿಕ್ಕಿಲ್ಲ. ಏನು ಬರೆಯಲಿ?
— ಕಾಲೇಜು ವಿದ್ಯಾರ್ಥಿ, ಬೀದರ್

ಉತ್ತರ: ಸಿಗದೇ ಇರುವ ಜಯವನ್ನು ಬರೆಯಬೇಡಿ. ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಕೀರ್ತನೆ 13 'ಎಷ್ಟರ ತನಕ' ಅನ್ನುವ ಗೋಳಿನಿಂದ ಶುರುವಾಗುತ್ತದೆ. ಆರು ವಚನ ಮುಗಿಯುವಷ್ಟರಲ್ಲಿ ಹಾಡಿಗೆ ತಿರುಗುತ್ತದೆ. ಕೀರ್ತನೆ 88 ಹಾಗೆ ತಿರುಗುವುದೇ ಇಲ್ಲ. ಗೋಳಿನಲ್ಲೇ ಶುರು, ಕತ್ತಲಲ್ಲೇ ಕೊನೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಕೊನೆಗೆ ಸಮಾಧಾನದ ಎರಡು ಸಾಲನ್ನೂ ಸೇರಿಸಲಿಲ್ಲ. ಒಂದು ಮಾತ್ರ ಗಮನಿಸಿ. ಅದನ್ನು ಬರೆದವನು ದೂರುವುದು ದೇವರ ಹತ್ತಿರವೇ. ಬೆನ್ನು ತಿರುಗಿಸಿ ಬೇರೆಯವರ ಹತ್ತಿರ ಅಲ್ಲ.

ತೋಮನ ಕಥೆಯನ್ನೂ ಇನ್ನೊಮ್ಮೆ ಓದಿ. ಸತ್ತ ಯೇಸು ಮತ್ತೆ ಎದ್ದು ಬಂದರು ಅಂತ ಉಳಿದ ಶಿಷ್ಯರು ಹೇಳಿದಾಗ, ಗಾಯ ಮುಟ್ಟಿ ನೋಡದೆ ನಂಬುವುದೇ ಇಲ್ಲ ಅಂದ. ಎಂಟು ದಿನ ಕಳೆದ ಮೇಲೆ ಯೇಸು ಮತ್ತೆ ಬಂದಾಗ ತೋಮ ಎಲ್ಲಿದ್ದ? ಉಳಿದ ಶಿಷ್ಯರ ಜೊತೆ, ಅದೇ ಮನೆಯೊಳಗೆ. ಅಷ್ಟು ದಿನ ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಅವನೂ ಎದ್ದು ಹೋಗಿರಲಿಲ್ಲ. ನಿಮ್ಮ ಲೇಖನದ ಜಾಗ ಆ ಎಂಟು ದಿನದಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ನನ್ನ ತಮ್ಮ ಹೋದಾಗ ಆರು ತಿಂಗಳು ನಾನು ಚರ್ಚಿನಲ್ಲಿ ಹಾಡಲಿಲ್ಲ. ಬಾಯಿ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ಅತ್ತೆ ಒಂದು ಮಾತೂ ಆಡದೆ, ಹಾಡಿನ ಪುಸ್ತಕವನ್ನು ನನಗೂ ಕಾಣುವ ಹಾಗೆ ವಾರೆಯಾಗಿ ಹಿಡಿದುಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಹಾಗೇ. ನಿಮ್ಮ ಮನೆಗೂ ಆ ವರ್ಷ ಸುಮ್ನೆ ಬಂದು ಕೂತು ಹೋದವರು ಯಾರಾದರೂ ಇದ್ದರಾ? ಇದ್ದರೆ ಅವರನ್ನು ಬರೆಯಿರಿ. ಇಲ್ಲದಿದ್ದರೆ ಯಾರೂ ಬರಲಿಲ್ಲ ಅಂತಲೇ ಬರೆಯಿರಿ. ನಮ್ಮ ಸಭೆಗಳು ಅದನ್ನೂ ಓದಬೇಕು.

ಪ್ರಶ್ನೆ: ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು. 'ನೀತಿವಂತ', 'ಕೃಪೆ', 'ನಿತ್ಯಜೀವ' ಅಂದರೆ ಪಿಳಿಪಿಳಿ ನೋಡುತ್ತಾರೆ. ಯಾವ ಕನ್ನಡದಲ್ಲಿ ಬರೆಯಬೇಕು?
— ಸಂಡೇ ಸ್ಕೂಲ್ ಟೀಚರ್, ಉಡುಪಿ

ಉತ್ತರ: ನಮ್ಮ ಮನೆಮಾತೂ ತುಳುವೇ. ನಿಮ್ಮ ಕಷ್ಟ ನನಗೆ ಗೊತ್ತು.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಆಮೇಲೆ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ತಂದರು. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಬದುಕನ್ನು ನಮ್ಮದೇ ಛಂದಸ್ಸಿನಲ್ಲಿ ಬರೆದರು. ಅವರ 1894ರ ನಿಘಂಟಿನಲ್ಲಿ ಪದಗಳ ಜೊತೆ ರಾಶಿ ರಾಶಿ ಗಾದೆಗಳಿವೆ. ಅವರು ಹೊರಗಿನಿಂದ ಬಂದವರು. ಆದರೂ ನಮ್ಮ ಜನ ಹೇಗೆ ಮಾತಾಡುತ್ತಾರೆ ಅಂತ ಕೂತು ಕೇಳಿದರು. ನಾವು ನಮ್ಮ ಮಕ್ಕಳ ಮಾತನ್ನು ಅಷ್ಟು ಹೊತ್ತು ಕೂತು ಕೇಳುತ್ತೇವಾ?

ಭಾರದ ಪದಗಳನ್ನು ಬಿಟ್ಟೇಬಿಡಿ ಅಂತ ನಾನು ಹೇಳುವುದಿಲ್ಲ. ಅವು ನಮ್ಮ ಆಸ್ತಿ. ಒಂದು ಕಥೆಗೆ ಅಂಥ ಒಂದೇ ಪದ ಇಟ್ಟುಕೊಳ್ಳಿ. ಅದರ ಅರ್ಥವನ್ನು ಕಥೆಯೇ ಹೇಳಲಿ. ಫೀಸ್ ಕಟ್ಟಲು ಆಗದೆ ಹುಡುಗ ಕೌಂಟರ್ ಮುಂದೆ ನಿಂತಿದ್ದಾನೆ. ಗುಮಾಸ್ತ ಹಾಲ್ ಟಿಕೆಟ್ ಎತ್ತಿ ಕೊಟ್ಟು, 'ನಡಿ, ನಾಳೆ ಪರೀಕ್ಷೆ ಬರಿ' ಅನ್ನುತ್ತಾನೆ. ಯಾರು ಕಟ್ಟಿದರು ಅಂತ ಹುಡುಗನಿಗೆ ಗೊತ್ತಿಲ್ಲ. ಇದಾದ ಮೇಲೆ ಅಜ್ಜಿ 'ಕೃಪೆ ಮಗಾ' ಅಂದರೆ ಸಾಕು.

ಇನ್ನೊಂದು ಮಾತು. ಕಥೆಯ ಜನ ಅವರವರ ಮನೆಯ ಮಾತಾಡಲಿ. ಕಥೋಲಿಕರ ಮನೆಯಲ್ಲಿ ಶುಭಸಂದೇಶ, ನಮ್ಮ ಪ್ರೊಟೆಸ್ಟೆಂಟರಲ್ಲಿ ಸುವಾರ್ತೆ. ಅಲ್ಲಿ ಫಾದರ್, ಇಲ್ಲಿ ಅಯ್ಯನವರು, ಪಕ್ಕದ ಬೀದಿಯಲ್ಲಿ ಪಾಸ್ಟರ್. ಕರಾವಳಿಯ ಕಥೋಲಿಕರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಹೂವು ಹಿಡಿದು ಹೊರಟ ಹುಡುಗಿಯ ಬಾಯಲ್ಲಿ ನಮ್ಮ ಸಭೆಯ ಮಾತು ತುರುಕಿದರೆ ಅಲ್ಲಿಯ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಯುವಜನರಿಗೆ ಲೇಖನ ಅಂದರೆ ದಾವೀದ, ಯೋಸೇಫ, ದಾನಿಯೇಲ. ಬೇರೆ ಯಾರೂ ಇಲ್ಲವಾ?
— ಒಬ್ಬ ಓದುಗ, ಮೈಸೂರು

ಉತ್ತರ: ತುಂಬಾ ಜನ ಇದ್ದಾರೆ! ಅಪೊಸ್ತಲರ ಕೃತ್ಯಗಳು 20ರಲ್ಲಿ ಯೂತಿಖ ಇದ್ದಾನೆ. ಪೌಲ ನಡುರಾತ್ರಿವರೆಗೆ ಮಾತಾಡುತ್ತಿದ್ದಾಗ ಕಿಟಕಿಯಲ್ಲಿ ಕೂತು ತೂಕಡಿಸಿ, ಮೂರನೇ ಅಂತಸ್ತಿನಿಂದ ಬಿದ್ದ ಹುಡುಗ. ಪೌಲ ಅವನನ್ನು ಬೈಯಲಿಲ್ಲ, ಕೆಳಗಿಳಿದು ಬಂದು ತಬ್ಬಿಕೊಂಡ. 12ನೇ ಅಧ್ಯಾಯದ ರೋದೆ, ಸೆರೆಯಿಂದ ಬಿಡಿಸಿಕೊಂಡು ಬಂದ ಪೇತ್ರನ ಧ್ವನಿ ಬಾಗಿಲಲ್ಲಿ ಕೇಳಿ ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದವಳು. ಒಳಗಿದ್ದವರು 'ನಿನಗೆ ಹುಚ್ಚು' ಅಂದರು. ಕುಷ್ಠ ಹಿಡಿದಿದ್ದ ಸೇನಾಪತಿ ನಾಮಾನನ ಮನೆಯ ಆಳು ಹುಡುಗಿಗೆ ಹೆಸರೂ ಇಲ್ಲ. ಸೆರೆಯಾಗಿ ಬಂದವಳು. ಅವಳು ಆಡಿದ ಒಂದೇ ಮಾತಿನಿಂದ ಆ ಸೇನಾಪತಿಯ ಬದುಕು ತಿರುಗಿತು. ನಾನಾದರೆ ಅವಳಿಂದಲೇ ಶುರುಮಾಡುತ್ತೇನೆ. ತನ್ನನ್ನು ಹಿಡಿದು ತಂದವರ ಮನೆಯ ಯಜಮಾನ ಗುಣವಾಗಲಿ ಅಂತ ಆ ಮಗುವಿಗೆ ಯಾಕೆ ಅನ್ನಿಸಿತು? ನಮ್ಮ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಒಂದು ಸಂಜೆಯೆಲ್ಲ ಮಾತಾಡಬಹುದು.

ಪ್ರಶ್ನೆ: ನಮ್ಮ ಗುಂಪಿನ ಒಬ್ಬ ಹುಡುಗಿಯ ಸಾಕ್ಷಿ, ಅಂದರೆ ತನ್ನ ಬದುಕಿನ ನಂಬಿಕೆಯ ಅನುಭವ ಹೇಳಿಕೊಂಡದ್ದು, ತುಂಬಾ ಬಲವಾಗಿದೆ. ಹೆಸರು ಬದಲಿಸಿ ಬರೆದರೆ ಸಾಕಲ್ವಾ?
— ಯುವಕೂಟದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಸಾಲದು. ಇದನ್ನು ನಾನು ತಪ್ಪು ಮಾಡಿ ಕಲಿತವಳು.

ಹಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ನನ್ನ ಹತ್ತಿರ ಅತ್ತು ಹೇಳಿಕೊಂಡದ್ದನ್ನು ಹೆಸರು ಬದಲಿಸಿ ಬರೆದೆ. ಒಳ್ಳೆಯ ಉದ್ದೇಶವೇ ಇತ್ತು. ಆದರೆ ಅಪ್ಪನ ಕೆಲಸ, ಮನೆ ಮುಂದಿನ ಹಲಸಿನ ಮರ, ಎಲ್ಲ ಹಾಗೇ ಇಟ್ಟಿದ್ದೆ. ಭಾನುವಾರ ಪತ್ರಿಕೆ ಹಂಚಿದರು. ಮಧ್ಯಾಹ್ನದೊಳಗೆ ಇಡೀ ಸಭೆಗೆ ಗೊತ್ತಾಯಿತು. ಅವಳು ಮತ್ತೆ ಚರ್ಚಿಗೆ ಬರಲಿಲ್ಲ. ಕ್ಷಮೆ ಕೇಳಲು ಮನೆಗೆ ಹೋದೆ. ಅವಳ ಅಮ್ಮ ಟೀ ಕೊಟ್ಟರು. ಅವಳು ಕೋಣೆಯಿಂದ ಹೊರಗೆ ಬರಲಿಲ್ಲ.

ಹಾಗಾಗಿ ಬರೆಯುವ ಮೊದಲು ಕೇಳಿ. ಬರೆದ ಮೇಲೆ ಅವಳ ಕೈಗೇ ಕೊಡಿ, ಒಂದು ವಾರ ಬಿಡಿ. ಬೇಡ ಅಂದರೆ ಹರಿದುಹಾಕಿ. ಅವಳಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮನೆಯವರ ಒಪ್ಪಿಗೆಯೂ ಬೇಕು. ಮನೆಯವರಿಂದಲೇ ನೋವಾಗಿದ್ದರೆ ಅದು ಲೇಖನದ ವಿಷಯವೇ ಅಲ್ಲ. ಮೊದಲು ಅವಳಿಗೆ ಸಹಾಯ ಸಿಗಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಳ್ಳೊಳ್ಳೆ ದೃಷ್ಟಾಂತ ಬರುತ್ತವೆ. ದೊಡ್ಡ ವಿಜ್ಞಾನಿ ಪ್ರೊಫೆಸರನ ಬಾಯಿ ಮುಚ್ಚಿಸಿದ ಕಥೆ, ಹೀಗೆ. ಲೇಖನದಲ್ಲಿ ಹಾಕಬಹುದಾ?
— ಹಾಸನ

ಉತ್ತರ: 'ನಡೆದ ಘಟನೆ' ಅಂತ ಹಾಕಬೇಡಿ. ಈಗಿನ ಹುಡುಗರು ಅಲ್ಲೇ ಮೊಬೈಲ್ ತೆಗೆದು ಹುಡುಕುತ್ತಾರೆ. ಅದು ಸುಳ್ಳು ಅಂತ ಗೊತ್ತಾದರೆ ಅದರ ಕೆಳಗೆ ನೀವು ಬರೆದ ವಚನವನ್ನೂ ಅನುಮಾನದಿಂದ ನೋಡುತ್ತಾರೆ. ಕಥೆ ಅಂತ ಹೇಳಿಯೇ ಕಥೆ ಹೇಳಿ.

ಪ್ರಶ್ನೆ: ನನ್ನ ಕಥೆಯಲ್ಲಿ ನಾಯಕಿಗೆ ಒಬ್ಬ ಹಿಂದೂ ಗೆಳತಿ ಇದ್ದಾಳೆ. ಕೊನೆಗೆ ಅವಳು ಚರ್ಚಿಗೆ ಬರುವ ಹಾಗೆ ಮಾಡದಿದ್ದರೆ ಅದು ನಂಬಿಕೆಯ ಕಥೆ ಆಗುವುದಿಲ್ಲ ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
— ಓದುಗಿ, ಶಿವಮೊಗ್ಗ

ಉತ್ತರ: ನಿಮ್ಮ ಗೆಳತಿ ನಿಜವಾಗಿ ಇದ್ದಾಳಲ್ವಾ? ಅವಳು ಈ ಕಥೆ ಓದುತ್ತಾಳೆ ಅಂದುಕೊಂಡು ಬರೆಯಿರಿ. ಅವಳಿಗೆ ನೋವಾಗುವ ಒಂದು ಸಾಲೂ ಅದರಲ್ಲಿ ಇರಬಾರದು.

ಲೂಕ 10ರಲ್ಲಿ ಗಾಯಗೊಂಡವನನ್ನು ಎತ್ತಿಕೊಂಡವನು ಸಮಾರ್ಯದವನು. ಕೇಳುತ್ತಿದ್ದವರು ಹತ್ತಿರಕ್ಕೂ ಸೇರಿಸದ ಜನ ಅವರು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಛತ್ರಕ್ಕೆ ಕರೆದುಕೊಂಡು ಹೋದ. ಎರಡು ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ತಿರುಗಿ ಬಂದು ಕೊಡುತ್ತೇನೆ ಅಂದ. ಆಮೇಲೆ ಅವನು ಯೆರೂಸಲೇಮಿನ ದೇವಾಲಯಕ್ಕೆ ಬಂದ ಅಂತ ಯೇಸು ಹೇಳಲಿಲ್ಲ. ಇವರಲ್ಲಿ ನೆರೆಯವನು ಯಾರು ಅಂತ ಮಾತ್ರ ಕೇಳಿದರು.

ನಿಮ್ಮ ಪತ್ರದಲ್ಲಿ ಒಂದು ಸಾಲಿದೆ. ಶುಭ ಶುಕ್ರವಾರ ನೀವು ಉಪವಾಸ ಇದ್ದಿರಿ ಅಂತ ಅವಳೂ ಹಾಸ್ಟೆಲಿನಲ್ಲಿ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ, ಸಂಜೆ ಇಬ್ಬರೂ ಸೇರಿ ಗಂಜಿ ಕಾಯಿಸಿಕೊಂಡಿರಿ ಅಂತ. ಅದನ್ನು ಯಾಕೆ ಕಥೆಯಿಂದ ಬಿಟ್ಟಿರಿ? ಆ ಗಂಜಿಯಿಂದ ಶುರುಮಾಡಿ. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ನನಗೆ ತಲುಪಲಿ.